ಅಕ್ಕೋರ ಗಡಿಯಾರ

ನನ್ನ ಕೈಗಡಿಯಾರ ಹನ್ನೆರಡು ನಿಮಿಷ ಮುಂದಿದೆ. ಕೆಟ್ಟು ಹಾಗಾಗಿದ್ದಲ್ಲ, ನನ್ನ ಗಮನಕ್ಕೆ ಬಂದಿಲ್ಲ ಎಂದೂ ಅಲ್ಲ. ಗೊತ್ತಿದ್ದೇ ಬಿಟ್ಟಿದ್ದೇನೆ. ಬಸ್ಸು ಬಂದ ಹೊತ್ತನ್ನೂ ಕರೆಂಟು ಹೋದ ಹೊತ್ತನ್ನೂ ದಿನಚರಿಯಲ್ಲಿ ಬರೆದಿಡುವವಳು ನಾನು. ತಿಂಗಳ ಕೊನೆಗೆ ಎಷ್ಟು ದಿನ ಮಳೆ, ಎಷ್ಟು ದಿನ ತಲೆನೋವು, ಅವ್ವನ ಜೊತೆ ಎಷ್ಟು ಸಲ ಜಗಳ ಎಂದು ಗೀಟು ಎಳೆದು ಕೂಡಿಸುವುದೂ ಉಂಟು. ಇಂಥವಳ ಮಣಿಕಟ್ಟಿನ ಮೇಲೆ ಸುಳ್ಳು ಹೇಳುವ ಗಡಿಯಾರ ಇರುವುದು ಮನೆಯವರಿಗೆ ತಮಾಷೆಯ ವಸ್ತುವಾಗಿದೆ.

"ವಾಚಿಗೆ ಏನಾಗೇತಿ?" ಎಂದು ಅಪ್ಪ ಒಂದು ದಿನ ಕೇಳಿದರು.

"ಏನೂ ಆಗಿಲ್ಲಪ್ಪ. ಅದು ಗಜೇಂದ್ರಗಡದ ಟೈಮ್ ಐತಿ."

"ಹೌದಾ? ಗಜೇಂದ್ರಗಡ ಯಾವ ದೇಶದಾಗ ಬರ್ತೈತಿ?"

ಆ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಕೊಡಲು ಆಗಲಿಲ್ಲ. ಕೂತು ಬರೆಯುತ್ತಿದ್ದೇನೆ.

ರೋಣದ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಕೆಲಸ. ಸಣ್ಣದು ಎಂದರೆ ಗಿರಾಕಿ ಒಳಗೆ ಬಂದರೆ ನಾವು ಹೊರಗೆ ಬರಬೇಕು, ಅಷ್ಟು ಸಣ್ಣದು. ಪ್ರಿಂಟರಿನ ಹೊಟ್ಟೆಯೊಳಗೆ ಸಿಕ್ಕ ಕಾಗದ ಎಳೆಯುವುದು, ಕೀಬೋರ್ಡಿಗೆ ಚೆಲ್ಲಿದ ಚಹಾ ಒಣಗಿಸುವುದು, ಮರೆತ ಪಾಸ್‌ವರ್ಡುಗಳನ್ನು ತೆಗೆದು ಹೊಸದು ಹಾಕಿಕೊಡುವುದು, ಇವು ದಿನನಿತ್ಯದ ವ್ಯವಹಾರ. ಪಾಸ್‌ವರ್ಡಿನ ವಿಷಯದಲ್ಲಿ ನನಗೆ ಒಂದು ಸಣ್ಣ ಪಾಂಡಿತ್ಯವೇ ಬಂದುಬಿಟ್ಟಿದೆ. ನಮ್ಮ ಕಡೆ ಅರ್ಧ ಜನರ ಪಾಸ್‌ವರ್ಡು ಇಟಗಿಯ ದೇವಿ ಭೀಮಾಂಬಿಕೆ, ಉಳಿದರ್ಧ ಜನರದು ಮೊದಲ ಮಗುವಿನ ಹೆಸರು. ಎರಡನೆಯ ಮಗು ಹುಟ್ಟಿದ ಮೇಲೆ ಪಾಸ್‌ವರ್ಡು ಬದಲಿಸಿದವರನ್ನು ನಾನು ಈವರೆಗೆ ಕಂಡಿಲ್ಲ. ಎರಡನೆಯ ಮಗಳಾದ ನನಗೆ ಇದು ಸ್ವಲ್ಪ ನೋವಿನ ಸಂಗತಿ.

ಈ ಸಲದ ಶ್ರಾವಣದಲ್ಲಿ ನಮಗೆ ಒಂದು ದೊಡ್ಡ ಕೆಲಸ ಸಿಕ್ಕಿತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಒಂದು ಸಂಸ್ಥೆಯವರು ತಮ್ಮ ಮೂರು ಕೇಂದ್ರಗಳನ್ನೂ ಒಂದೇ ಜಾಲಕ್ಕೆ ಸೇರಿಸಿಕೊಡಿ ಎಂದರು. ಅದಕ್ಕೆ ಬೇಕಾದದ್ದು ಡೊಮೇನ್ ಕಂಟ್ರೋಲರ್ ಎಂಬ ಯಂತ್ರ. ಹೆಸರು ಕೇಳಿ ಹೆದರಬೇಡಿ. ವಾಡೆಯ ದೊಡ್ಡ ಬಾಗಿಲಲ್ಲಿ ಕಟ್ಟೆಯ ಮೇಲೆ ಕೂತು "ಯಾರವಾ ನೀನು? ಯಾರ ಪೈಕಿ?" ಎಂದು ಕೇಳಿ ಒಳಗೆ ಬಿಡುವ ಹಿರಿಯರು ಇರುತ್ತಾರಲ್ಲ, ಅದು ಅವರೇ. ಮೊದಲು ಒಂದೊಂದು ಕಂಪ್ಯೂಟರಿಗೆ ಒಂದೊಂದು ಪಾಸ್‌ವರ್ಡು ಇರುತ್ತಿತ್ತು. ಈ ಹಿರಿಯರು ಬಂದಮೇಲೆ ಒಬ್ಬಳಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಯಾವ ಊರಿನ ಯಾವ ಯಂತ್ರದ ಮುಂದೆ ಕೂತರೂ ಅವಳ ಕಡತಗಳು ಅವಳೆದುರು ಬರುತ್ತವೆ.

ರೋಣದಲ್ಲಿ ಇಂಥ ಹಿರಿಯರನ್ನು, ಅಂದರೆ ಮುಖ್ಯ ಸರ್ವರನ್ನು, ಇಟ್ಟೆವು. ನರಗುಂದದಲ್ಲಿ ಅದರ ಕೈಕೆಳಗಿನದು ಮೊದಲ ಏಟಿಗೇ ಎದ್ದು ನಿಂತಿತು. ನರಗುಂದದಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ನನ್ನ ಮುಖ ನೋಡಿಕೊಂಡು, ಇವಳು ಏನೋ ಸಾಧಿಸುತ್ತಾಳೆ ಅಂದುಕೊಂಡಿದ್ದೆ. ಗಜೇಂದ್ರಗಡ ಇನ್ನೂ ಬಾಕಿಯಿತ್ತು.

ಗಜೇಂದ್ರಗಡದ ಕೇಂದ್ರ ನಡೆಸುವವರು ಗಿರಿಜಕ್ಕ. ಅಲ್ಲಿನ ಹುಡುಗಿಯರಿಗೆಲ್ಲ ಅವರು ಅಕ್ಕೋರು. ಐವತ್ತರ ಆಸುಪಾಸು, ಇಳಕಲ್ಲ ಸೀರೆ, ಕುತ್ತಿಗೆಗೆ ಸರದಂತೆ ಇಳಿಬಿಟ್ಟ ಚಾಳೀಸು ಕನ್ನಡಕ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು, ಯಂತ್ರಗಳ ಮೇಲಿನ ಧೂಳು ಒರೆಸಿ, ಸರಸ್ವತಿಯ ಪಟಕ್ಕೂ ಪ್ರಿಂಟರಿಗೂ ಒಂದೊಂದು ಊದುಬತ್ತಿ ತೋರಿಸಿ, ಆಮೇಲೆ ಬಾಗಿಲು ಪೂರ್ತಿ ತೆಗೆಯುತ್ತಿದ್ದರು. ನಾನು ಒಳಗೆ ಕಾಲಿಟ್ಟ ಮೊದಲ ದಿನವೇ ಗೋಡೆಯ ಗಡಿಯಾರ ನೋಡಿ, ನನ್ನ ಕೈಗಡಿಯಾರ ಹಿಂದೆ ಬಿದ್ದದ್ದನ್ನು ಕಂಡು ನಾಚಿದೆ. ಅದು ಅಪ್ಪನ ಹಳೆಯ ವಾಚು; ಹಿಂದೆ ಬೀಳುವುದು ಅದಕ್ಕೆ ಹೊಸದಲ್ಲ. ಗೋಡೆ ಹೇಳುವುದೂ ಸಾಲಾಗಿ ಇಟ್ಟ ಕಂಪ್ಯೂಟರುಗಳೆಲ್ಲ ಹೇಳುವುದೂ ಒಂದೇ ಆಗಿರುವಾಗ ನನ್ನ ಮಣಿಕಟ್ಟಿನ ಮಾತು ಯಾರು ಕೇಳುತ್ತಾರೆ? ಬಹುಮತಕ್ಕೆ ಮಣಿದು ಮುಳ್ಳು ತಿರುಗಿಸಿದೆ.

ಆ ಸಂಜೆಯೊಳಗೆ ಹಿಂದಿನ ಕೋಣೆಯಲ್ಲಿ ಅಲ್ಲಿನ ಸರ್ವರ್ ಇಟ್ಟು, ಎಲ್ಲ ಯಂತ್ರಗಳನ್ನೂ ಡೊಮೇನಿಗೆ, ಅಂದರೆ ಆ ಒಂದೇ ಜಾಲಕ್ಕೆ, ಸೇರಿಸಿದೆ. ಹುಡುಗಿಯರು ತಮ್ಮ ಹೊಸ ಪಾಸ್‌ವರ್ಡು ಬಡಿದರು, ಬಾಗಿಲು ತೆರೆಯಿತು. ಚಪ್ಪಾಳೆ ಬೇರೆ ಬಿತ್ತು. ಬಸ್ ಸ್ಟ್ಯಾಂಡಿಗೆ ಓಡಿ, ಬಸ್ಸಿಗೆ ಕಾದು, ದಿನಚರಿಯಲ್ಲಿ ಬರೆದೆ: ಕೆಲಸ ಆಯಿತು, ರೋಣದ ಬಸ್ಸು ತಡ.

ಮರುದಿನ ಬೆಳಿಗ್ಗೆ ಬಂದರೆ ಒಬ್ಬಳೂ ಒಳಗಿಲ್ಲ. ಎಲ್ಲ ಪರದೆಗಳ ಮೇಲೂ ಒಂದೇ ಸಾಲು: ಹೆಸರು ಅಥವಾ ಪಾಸ್‌ವರ್ಡು ತಪ್ಪಾಗಿದೆ.

ಇಂಥ ಹೊತ್ತಿನಲ್ಲಿ ನಮ್ಮ ಕಸುಬಿನವರು ಮೊದಲು ಮಾಡುವುದು ಎದುರಿಗೆ ಇರುವವರ ಬೆರಳುಗಳನ್ನು ಅನುಮಾನಿಸುವುದು. ನಾನೂ ಮಾಡಿದೆ. ದೊಡ್ಡಕ್ಷರದ ಗುಂಡಿ ಒತ್ತಿದ್ದೀರಾ? ಕೀಬೋರ್ಡು ಕನ್ನಡಕ್ಕೆ ತಿರುಗಿದೆಯೇ? ನಡುವೆ ಜಾಗ ಬಿಟ್ಟಿದ್ದೀರಾ? ಯಾವುದೂ ಅಲ್ಲ. ಪಾಸ್‌ವರ್ಡು ಬದಲಿಸಿ ಹೊಸದು ಕೊಟ್ಟೆ. ಅದೂ ತಪ್ಪಂತೆ. ವೈರು ಕಿತ್ತು ಮತ್ತೆ ಹಾಕಿದೆ. ಯಂತ್ರಗಳು ಒಂದರ ವಿಳಾಸ ಇನ್ನೊಂದು ಹುಡುಕುವ ವ್ಯವಸ್ಥೆ ನೋಡಿದೆ. ಕೊನೆಗೆ ಸಂಜೆಯ ಹೊತ್ತಿಗೆ ಯಂತ್ರಗಳನ್ನೆಲ್ಲ ಡೊಮೇನಿನಿಂದ ತೆಗೆದು ಹೊಸದಾಗಿ ಸೇರಿಸಿದೆ. ಎಲ್ಲರೂ ಒಳಗೆ ಬಂದರು. ಮರುದಿನ ಬೆಳಿಗ್ಗೆ ಮತ್ತೆ ಹೊರಗೆ.

ಹೀಗೇ ನಡೆಯಿತು. ಸಂಜೆ ಪರಿಚಯ, ಬೆಳಿಗ್ಗೆ ಅಪರಿಚಯ. ರಾತ್ರಿ ಯಾರೋ ಬಂದು ಆ ಬಾಗಿಲ ಹಿರಿಯರ ಕಿವಿಯಲ್ಲಿ ಇವರ ಮೇಲೆ ಚಾಡಿ ಹೇಳಿ ಹೋಗುತ್ತಿದ್ದಾರೇನೋ ಎನಿಸಿತು. ದಿನಚರಿಯಲ್ಲಿ ಗೀಟುಗಳು ಹೆಚ್ಚಿದವು; ಒಂದು ಸಾಲು ಪಾಸ್‌ವರ್ಡು ವಿಫಲವಾದದ್ದಕ್ಕೆ, ಇನ್ನೊಂದು ಸಾಲು ರೋಣದ ಬಸ್ಸು ತಡವಾದದ್ದಕ್ಕೆ. ಸಾರಿಗೆಯವರಿಗೆ ಒಂದು ದೂರು ಬರೆಯಬೇಕು ಎಂದೂ ಮೂಲೆಯಲ್ಲಿ ಟಿಪ್ಪಣಿ ಮಾಡಿಕೊಂಡೆ.

ಇದೆಲ್ಲ ನನ್ನ ಮರ್ಯಾದೆಯ ಪ್ರಶ್ನೆಯಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಬರುವ ಸೋಮವಾರ ಅಲ್ಲಿ ಪರೀಕ್ಷೆ ಇತ್ತು. ಶನಿವಾರದೊಳಗೆ ಜಾಲ ಸರಿಯಾಗದಿದ್ದರೆ ಪರೀಕ್ಷೆಯನ್ನು ಗದಗಿಗೆ ಸಾಗಿಸುತ್ತೇವೆ ಎಂದು ಪರೀಕ್ಷೆ ನಡೆಸುವವರು ಹೇಳಿದ್ದರು. ಹೆಚ್ಚಿನ ಹುಡುಗಿಯರು ಗೊಣಗುತ್ತ ಗದಗಿಗೆ ಹೋಗಿ ಬರುತ್ತಿದ್ದರೇನೋ. ಶಾಂತವ್ವನಿಗೆ ಅದು ಆಗುವ ಮಾತಲ್ಲ.

ಶಾಂತವ್ವ ಇಟಗಿಯ ಸೊಸೆ. ಐದು ತಿಂಗಳ ಕೂಸು ಕಟ್ಟಿಕೊಂಡು ಬರುತ್ತಿದ್ದಳು. ಸರ್ವರ್ ಇಟ್ಟ ಹಿಂದಿನ ಕೋಣೆ ತಣ್ಣಗಿರುತ್ತದೆಂದು ಅಕ್ಕೋರು ಅಲ್ಲೇ ಹಳೆಯ ಸೀರೆಯ ಜೋಲಿ ಕಟ್ಟಿಸಿದ್ದರು. ಹಾಗಾಗಿ ನನ್ನ ಡೊಮೇನ್ ಕಂಟ್ರೋಲರಿನ ಫ್ಯಾನು ಆ ಕೂಸಿಗೆ ಜೋಗುಳ ಹಾಡುತ್ತಿತ್ತು. ಅವಳ ಊರಿನ ಗ್ರಂಥಾಲಯದಲ್ಲಿ ಒಂದು ಕೆಲಸ ಖಾಲಿ ಇತ್ತು, ಅರ್ಜಿ ಹಾಕಲು ಈ ಪರೀಕ್ಷೆಯ ಸರ್ಟಿಫಿಕೇಟು ಬೇಕಿತ್ತು. "ಗಜೇಂದ್ರಗಡ ತನಕಾ ಹೋಗು, ಅದರಾಚೆ ಕೂಸಿನ್ನ ತಗೊಂಡು ತಿರುಗೂದು ಬ್ಯಾಡ" ಎಂದು ಅತ್ತೆ ಗೆರೆ ಎಳೆದಿದ್ದರು.

ಶುಕ್ರವಾರ ಅವಳು ಕೂತು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಪಾಸ್‌ವರ್ಡು ಒತ್ತಿದಳು. ತಪ್ಪು ಎಂದಿತು. ಮತ್ತೆ ಒತ್ತಿದಳು. ಮತ್ತೆ ತಪ್ಪು.

"ನಂದ ತಪ್ಪೇನ್ರಿ ಮೇಡಂ?" ಎಂದು ಕೇಳಿದಳು.

"ಇಲ್ಲವಾ, ನೀ ಒತ್ತಿದ್ದು ಬರೋಬ್ಬರಿ ಐತಿ."

"ಬರೋಬ್ಬರಿ ಇದ್ರ ತಪ್ಪಂತ ಯಾಕ ಅಂತೈತ್ರಿ?"

ನಾನು ಕೀಬೋರ್ಡು ತಿರುವಿ ನೋಡಿದೆ. ಪಕ್ಕದ ಹುಡುಗಿ, "ಅದು ನಿಮ್ಮತ್ತೀನ ಕೇಳಿ ಬಂದೈತಿ ಬಿಡ ಶಾಂತಕ್ಕ" ಎಂದಳು. ಎಲ್ಲರೂ ನಕ್ಕರು, ಶಾಂತವ್ವನೂ ನಕ್ಕಳು. ಆದರೆ ಎದ್ದು ಜೋಲಿಯ ಕಡೆ ಹೋಗುವಾಗ ಅವಳ ಹೆಗಲು ಇಳಿದಿತ್ತು. ಸರಿಯಾದದ್ದನ್ನೇ ಹೇಳಿದರೂ ತಪ್ಪು ಎನಿಸಿಕೊಳ್ಳುವುದು ಅವಳಿಗೆ ಮೊದಲ ಸಲವಲ್ಲ ಎಂದು ನನಗೆ ತೋರಿತು.

ಆ ಸಂಜೆ ಮತ್ತೆ ಯಂತ್ರಗಳನ್ನು ಸೇರಿಸಿ, ಇವು ನಾಳೆ ಬೆಳಿಗ್ಗೆ ನನ್ನನ್ನು ಗುರುತಿಸುವುದಿಲ್ಲ ಎಂಬ ಖಾತ್ರಿಯೊಂದಿಗೆ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಇರಲಿಲ್ಲ. ಬಂದಮೇಲೆ, ಹತ್ತಿ ಕೂತು, ಇಡೀ ವಾರದ ಸಿಟ್ಟನ್ನು ಕಂಡಕ್ಟರನ ಮೇಲೆ ತೆಗೆದೆ.

"ದಿನಾ ತಡಾ ಮಾಡ್ತೀರಲ್ರಿ, ಬ್ಯಾರೆಯವರಿಗೆ ಕೆಲಸಾ ಬೊಗಸಿ ಇಲ್ಲೇನು?"

ಕಂಡಕ್ಟರ್ ಟಿಕೆಟ್ ಯಂತ್ರದಿಂದ ಕಣ್ಣೆತ್ತಿದ. "ತಡಾ? ಯಾರ ತಡಾ? ನಾ ತಡಾ?"

"ಮತ್ತ? ನೋಡ್ರಿಲ್ಲೆ." ವಾಚು ತೋರಿಸಿದೆ.

ಆತ ನನ್ನ ವಾಚು ನೋಡಿದ, ತನ್ನ ಯಂತ್ರ ನೋಡಿದ. ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ, "ಇಲ್ಲೆ ನೋಡ್ರೆಪಾ, ಈ ಅಕ್ಕಾರು ನಮಗಿಂತ ಮುಂದ ಹೋಗಿ ಬಿಟ್ಟಾರ!" ಎಂದ. ಹತ್ತು ಕೈಗಳು ಹತ್ತು ಫೋನು ತೆಗೆದವು. ಎಲ್ಲ ಫೋನುಗಳೂ ಕಂಡಕ್ಟರನ ಪಕ್ಷ. ನನ್ನ ಫೋನನ್ನೂ ಚೀಲದಿಂದ ತೆಗೆದೆ. ಅದೂ ನನ್ನನ್ನು ಬಿಟ್ಟುಕೊಟ್ಟಿತು. ಆಗ ಹಿಂದಿನ ಸೀಟಿನಲ್ಲಿ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, "ಕಂಪ್ಯೂಟರ್ ಸಾಲಿಯಿಂದ ಬಂದೀರೇನ್ರಿ? ಹಂಗಾರ ಅದು ಅಕ್ಕೋರ ಗಡಿಯಾರದ ಟೈಮ್ ಇರಬೇಕು ಬಿಡ್ರಿ. ಅದು ಯಾವತ್ತೂ ಮುಂದ ಇರ್ತೈತಿ, ನನ್ನ ಮಗಳೂ ಅದನ್ನ ನೋಡೇ ಬರ್ತಾಳ" ಎಂದಳು.

ಬಸ್ಸು ನಗುತ್ತಿತ್ತು. ನಾನು ಮಾತ್ರ ಬೆರಳು ಮಡಚಿ ಲೆಕ್ಕ ಹಾಕಿದೆ. ಗೋಡೆಯ ಗಡಿಯಾರ ಮುಂದೆ. ಅದಕ್ಕೆ ಸರಿಯಾಗಿ ಕಂಪ್ಯೂಟರುಗಳೂ ಮುಂದೆ. ರೋಣದಿಂದ ಸಮಯ ತೆಗೆದುಕೊಳ್ಳುವ ಸರ್ವರ್ ಒಂದೇ ಹಿಂದಿನ ಕೋಣೆಯಲ್ಲಿ ಖರೇ ಸಮಯ ಇಟ್ಟುಕೊಂಡು ಕೂತಿದೆ. "ಇಳೀತೀನ್ರಿ!" ಎಂದು ಎದ್ದೆ. "ಈಗ ತಡಾ ಮಾಡಾವರು ಯಾರ್ರಿ?" ಎಂದು ಕಂಡಕ್ಟರ್ ಸೀಟಿ ಊದಿದ.

ಇಲ್ಲಿ ಒಂದು ಮಾತು ಹೇಳಬೇಕು. ಡೊಮೇನ್ ಕಂಟ್ರೋಲರ್ ನಿಮ್ಮ ಪಾಸ್‌ವರ್ಡು ಮಾತ್ರ ನೋಡುವುದಿಲ್ಲ, ನಿಮ್ಮ ಗಡಿಯಾರವನ್ನೂ ನೋಡುತ್ತದೆ. ಒಳಗೆ ಬರುವವರು ಕಳಿಸುವ ಗುರುತಿನ ಮೇಲೆ ಹೊತ್ತಿನ ಮುದ್ರೆ ಇರುತ್ತದೆ. ಅದಕ್ಕೂ ತನ್ನ ಗಡಿಯಾರಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಕಂಡರೆ, ಇದು ಯಾರೋ ಎಲ್ಲಿಂದಲೋ ಎತ್ತಿಕೊಂಡು ಬಂದ ಗುರುತು ಎಂದು ಅದಕ್ಕೆ ಸಂಶಯ. ಬಾಗಿಲು ಹಾಕಿಕೊಳ್ಳುತ್ತದೆ. ನಾನೇ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ವಿಷಯ ಇದು. ಸರ್ವರಿನ ದಾಖಲೆಯನ್ನು ಆಮೇಲೆ ತೆಗೆದು ನೋಡಿದರೆ ಅದೂ ವಾರವಿಡೀ ಇದನ್ನೇ ಬರೆದುಕೊಂಡಿತ್ತು. ನಾನು 'ವಿಫಲ' ಎಂಬುದನ್ನು ಓದಿ ಮುಂದಿನ ಸಾಲು ಬಿಟ್ಟಿದ್ದೆ. ದಿನಚರಿ ಬರೆಯುವವರ ಕೆಟ್ಟ ಚಾಳಿ ಅದು. ಇನ್ನೊಬ್ಬರ ದಿನಚರಿ ಓದುವ ವ್ಯವಧಾನ ನಮಗಿರುವುದಿಲ್ಲ.

ಆದರೆ ಆ ಯಂತ್ರದ ಹಟವನ್ನು ನೆನೆದರೆ ನನಗೆ ಹೊಳೆಆಲೂರಿನ ನಮ್ಮಜ್ಜಿ ನೆನಪಾಗುತ್ತಾಳೆ. ಅವಳ ಮನೆಯಲ್ಲಿ ಗಡಿಯಾರವಿರಲಿಲ್ಲ, ರೈಲಿತ್ತು. ಬೆಳಗಿನ ರೈಲು ಕೂಗಿದರೆ ಒಲೆ, ಮಧ್ಯಾಹ್ನದ ರೈಲಿಗೆ ಊಟ. ರೈಲು ತಡವಾದ ದಿನ ಊಟವೂ ತಡ. ಅವಳ ಪ್ರಕಾರ ಆ ದಿನ ಸೂರ್ಯನೇ ಲಗೂ ಬಂದಿರುತ್ತಿದ್ದ. ಇನ್ನೂ ಹಿಂದೆ ಮದುವೆಯ ಮುಹೂರ್ತಕ್ಕೆ ನೀರಿನಲ್ಲಿ ಘಳಿಗೆ ಬಟ್ಟಲು ತೇಲಿಬಿಡುತ್ತಿದ್ದರಂತೆ. ತಳದ ಸಣ್ಣ ತೂತಿನಿಂದ ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಘಳಿಗೆ. ಆ ಮನೆಯ ಬಟ್ಟಲು ಹೇಳಿದ್ದೇ ಆ ಮನೆಯ ಹೊತ್ತು. ಪಕ್ಕದ ಊರಿನ ಬಟ್ಟಲು ಏನು ಹೇಳಿತೆಂದು ಯಾರೂ ಕೇಳುತ್ತಿರಲಿಲ್ಲ. ಹೊತ್ತು ಎಂಬುದು ಆಗ ಒಂದು ಅಂಗಳದೊಳಗಿನ ಒಪ್ಪಂದ. ಈಗ ಮೂರು ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದರೆ ಮೂರು ಅಂಗಳಗಳೂ ಒಂದೇ ಬಟ್ಟಲನ್ನು ನೋಡಬೇಕಾಗುತ್ತದೆ.

ಏದುಸಿರು ಬಿಡುತ್ತ ಕೇಂದ್ರಕ್ಕೆ ಮರಳಿದೆ. ಅಕ್ಕೋರು ಕಿಟಕಿ ಹಾಕುತ್ತಿದ್ದರು.

"ಯಾಕವಾ, ಬಸ್ ತಪ್ಪಿತೇನು? ನನ್ನ ಸಾಲ್ಯಾಗಿಂದ ಹ್ವಾದವರಿಗೆ ಬಸ್ ತಪ್ಪೂದಿಲ್ಲಲ್ಲ!"

"ಅಕ್ಕೋರ, ಕಂಪ್ಯೂಟರಿನ ಟೈಮ್ ಯಾರ್ರಿ ಮುಂದ ಇಡೂದು?"

"ನಾನ ಇಡ್ತೀನಿ. ಯಾಕ?" ಅವರ ದನಿಯಲ್ಲಿ ಕಸ ಯಾರು ಹೊಡೆಯುವುದು ಎಂದು ಕೇಳಿದಾಗ ಬರುವ ಸಹಜತೆ. "ನೀ ಬಂದಾಗಿಂದ ಅವು ದಿನಾ ಹಿಂದ ಬೀಳಾಕತ್ತಾವು. ಹೊಸಾ ಮಷಿನ್ನು, ಏನೋ ಹೆಚ್ಚುಕಡಿಮಿ ಆಗಿರಬೇಕಂತ ನಾನ ದಿನಾ ಮುಂಜಾನೆ ಎಲ್ಲಾನೂ ಸರಿ ಮಾಡಿಡ್ತೀನಿ. ನಿನಗ ಮೊದಲ ಕೆಲಸ ರಗಡ ಐತಿ, ಇದನ್ನೇನು ಹೇಳೂದಂತ ಹೇಳಲಿಲ್ಲ."

ಬಾಗಿಲ ಹಿರಿಯರ ಕಿವಿಯಲ್ಲಿ ಚಾಡಿ ಹೇಳುತ್ತಿದ್ದವರು ಸಿಕ್ಕರು. ನಾನು ಸಂಜೆ ಯಂತ್ರಗಳನ್ನು ಸೇರಿಸಿದಾಗ ಅವು ಸರ್ವರಿನ ಸಮಯ ಹಿಡಿಯುತ್ತಿದ್ದವು. ಬೆಳಿಗ್ಗೆ ಅಕ್ಕೋರು ಆಯಾ ಯಂತ್ರದ್ದೇ ಹಳೆಯ ಪಾಸ್‌ವರ್ಡಿನಿಂದ ಒಂದೊಂದನ್ನೇ ತೆರೆದು, ಧೂಳು ಒರೆಸಿದಷ್ಟೇ ಪ್ರೀತಿಯಿಂದ ಹನ್ನೆರಡು ನಿಮಿಷ ಮುಂದೆ ತಳ್ಳುತ್ತಿದ್ದರು. ಇಡೀ ವಾರ ನಾವಿಬ್ಬರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಶ್ರದ್ಧೆಯಿಂದ ಸರಿಪಡಿಸಿದ್ದೆವು.

ವಿಷಯ ತಿಳಿದಾಗ ಅವರು ಬಾಯಿಗೆ ಸೆರಗು ಹಿಡಿದರು. "ಹಂಗಾರ ಶಾಂತವ್ವನ್ನ ಹೊರಗ ನಿಲ್ಲಿಸಿದಾಕಿ ನಾನ ಆದ್ನೇನವಾ!" ಎಂದು ಕಿಟಕಿ ಬಿಟ್ಟು ಬಂದು ಕೂತರು. ಆಮೇಲೆ ಗಡಿಯಾರದ ಕಥೆ ಹೇಳಿದರು. ಕೇಂದ್ರ ಶುರುವಾದ ಹೊಸದರಲ್ಲಿ ಒಂದು ಸಂಜೆ ಪಾಠ ಮುಗಿಯುವುದು ತಡವಾಗಿ ಇಟಗಿಯ ಹುಡುಗಿಯರಿಗೆ ಬಸ್ಸು ತಪ್ಪಿತಂತೆ. ಅವರು ಕತ್ತಲಾದಮೇಲೆ ಮನೆ ಮುಟ್ಟಿದರು. ಮರುದಿನದಿಂದ ಮೂವರು ಬರಲಿಲ್ಲ. ಅಕ್ಕೋರು ಮನೆಮನೆಗೆ ಹೋಗಿ ಕೇಳಿಕೊಂಡರೂ ಬರಲಿಲ್ಲ. ಅವತ್ತು ಸ್ಟೂಲು ಹತ್ತಿ ಗಡಿಯಾರ ಮುಂದೆ ಇಟ್ಟವರು ಇವತ್ತಿನವರೆಗೆ ಹಿಂದೆ ತಂದಿಲ್ಲ.

"ಗ್ವಾಡಿ ಒಂದ್ ಹೇಳಿ ಕಂಪ್ಯೂಟರ್ ಒಂದ್ ಹೇಳಿದ್ರ ಹುಡುಗ್ಯಾರು ಕಂಪ್ಯೂಟರಿನ ಮಾತ ಕೇಳ್ತಾರವಾ, 'ಇನ್ನೂ ಟೈಮ್ ಐತ್ರಿ ಅಕ್ಕೋರ' ಅಂತಾರ. ಅದಕ್ಕ ಅದನ್ನೂ ಮುಂದ ಇಟ್ಟೆ. ಈಗ ಏನ್ ಮಾಡೂದು? ಖರೇ ಟೈಮ್ ಇಟ್ರ ಬಸ್ ತಪ್ಪತೈತಿ, ಸುಳ್ಳ ಟೈಮ್ ಇಟ್ರ ಪರೀಕ್ಷೆ ತಪ್ಪತೈತಿ."

ಸರ್ವರನ್ನೇ ಮುಂದೆ ತಳ್ಳಿಬಿಡಲೇ ಎಂದು ಒಂದು ಕ್ಷಣ ಯೋಚಿಸಿದೆ. ಆಗ ರೋಣದ ಸರ್ವರ್ ಗಜೇಂದ್ರಗಡದ್ದನ್ನೇ ಗುರುತಿಸುತ್ತಿರಲಿಲ್ಲ. ಕೊನೆಗೆ ಹೊಳೆಯಿತು. ಡೊಮೇನಿನ ದೊಡ್ಡ ಅನುಕೂಲವೆಂದರೆ ಒಂದೇ ಕಡೆ ಕೂತು ಎಲ್ಲ ಯಂತ್ರಗಳಿಗೂ ಅಪ್ಪಣೆ ಕೊಡಬಹುದು. ಯಂತ್ರಗಳು ಒಳಗೊಳಗೆ ಖರೇ ಸಮಯ ಇಟ್ಟುಕೊಳ್ಳಲಿ. ಪರದೆಯ ಮೂಲೆಯಲ್ಲಿ ಅದನ್ನು ತೋರಿಸುವುದು ಮಾತ್ರ ಬೇಡ. ನಾನು ಕಟ್ಟಿದ ಮೊದಲ ಡೊಮೇನಿನ ಮೊದಲ ಅಪ್ಪಣೆ ಅದೇ ಆಯಿತು: ಗಡಿಯಾರ ಮರೆಮಾಡು. ಒಂದೊಂದಾಗಿ ಎಲ್ಲ ಪರದೆಗಳ ಮೂಲೆ ಖಾಲಿಯಾಯಿತು. ಕೋಣೆಯಲ್ಲಿ ಹೊತ್ತು ಹೇಳಲು ಗೋಡೆಯೊಂದೇ ಉಳಿಯಿತು. ಅಕ್ಕೋರು ಚಾಳೀಸು ಏರಿಸಿ ಒಂದೊಂದೇ ಯಂತ್ರ ನೋಡಿ ಬಂದು, "ಈಗ ಬರೋಬ್ಬರಿ ಆತು" ಎಂದರು. ಮುಂದಿನ ಬಸ್ಸಿಗೆ ಹೊತ್ತಿತ್ತು. ಡಬ್ಬಿಯಲ್ಲಿ ಉಳಿದಿದ್ದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನ್ನ ಕೈಗಿಟ್ಟರು.

ಶನಿವಾರ ಬೆಳಿಗ್ಗೆ ಎಲ್ಲರೂ ಒಳಗಿದ್ದರು.

ಸೋಮವಾರ ಪರೀಕ್ಷೆಯ ಹೊತ್ತಿಗೆ ನಾನು ಹಿಂದಿನ ಕೋಣೆಯಲ್ಲಿದ್ದೆ. ಎಡಗೈ ಜೋಲಿಯ ಹಗ್ಗದ ಮೇಲೆ, ಬಲಗೈ ಸರ್ವರಿನ ಕೀಬೋರ್ಡಿನ ಮೇಲೆ. ಶಾಂತವ್ವ ತನ್ನ ಹೆಸರು ಒತ್ತಿದ್ದು ಇಲ್ಲಿ ನನ್ನ ಪರದೆಯ ಮೇಲೆ ಒಂದು ಸಾಲಾಗಿ ಬಂತು. ಈ ಸಲ ಸಾಲನ್ನು ಪೂರ್ತಿ ಓದಿದೆ. ಒಳಗೆ ಬಂದಿದ್ದಾಳೆ ಎಂದಿತ್ತು. ಬಾಗಿಲ ಸಂದಿಯಿಂದ ನೋಡಿದರೆ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಪರೀಕ್ಷೆ ಮುಗಿಸಿ ಬಂದು ಕೂಸನ್ನು ಎತ್ತಿಕೊಂಡಳು. "ಮೇಡಂ, ಒಂದ ಹೊಡ್ತಕ್ಕ ತಗೊಂತ್ರಿ!" ಎಂದಳು. ಅಂಕದ ಬಗ್ಗೆ ಒಂದು ಮಾತಿಲ್ಲ. ಯಂತ್ರ ತನ್ನನ್ನು ನಂಬಿತು ಎಂಬುದೇ ಆ ಹೊತ್ತಿನ ಫಲಿತಾಂಶ. ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಅವಳ ಕಣ್ಣು ಗೋಡೆಯ ಮೇಲೆ ಬಿತ್ತು.

"ಅಯ್ಯ ಯವ್ವಾ, ಬಸ್ಸು!"

ಅವಳು ಕೂಸಿನೊಂದಿಗೆ ಓಡಿದಳು. ಅವಳ ಚೀಲ ಹಿಡಿದು ನಾನೂ ಓಡಿದೆ. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಆ ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಓಡಿದೆ. ಬಹುಶಃ ಶಾಂತವ್ವನಿಗೂ ಗೊತ್ತು, ಬದನೆಕಾಯಿ ಮಾರುವವಳಿಗೇ ಗೊತ್ತಿದ್ದ ಮೇಲೆ. ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಓಡುತ್ತಾರೆ. ಅದಕ್ಕೇ ಆ ಗಡಿಯಾರ ಕೆಲಸ ಮಾಡುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬಂದಿರಲಿಲ್ಲ. ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತೆವು. ಅವಳು ಸೆರಗು ಮರೆಮಾಡಿ ಕೂಸಿಗೆ ಹಾಲು ಕುಡಿಸಿದಳು. ನಾನು ಶೇಂಗಾ ಸುಲಿದೆ, ಅವಳಿಗೊಂದು, ನನಗೊಂದು. ಯಾವ ಕೆಲಸಕ್ಕೂ ಸೇರದ, ಯಾರೂ ನಮ್ಮನ್ನು ಏನೂ ಕೇಳದ ಆ ಸ್ವಲ್ಪ ಹೊತ್ತು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ವರ್ಷಗಳ ಹಿಂದೆ ಒಬ್ಬ ಹೆಂಗಸು ಸ್ಟೂಲು ಹತ್ತಿ, ತನ್ನ ಹುಡುಗಿಯರಿಗೆಂದು ದಿನದ ಅಂಚಿನಿಂದ ಕತ್ತರಿಸಿ ಎತ್ತಿಟ್ಟದ್ದು ಅದು. ನನಗೂ ಅದರಲ್ಲಿ ಪಾಲು ಸಿಕ್ಕಿತ್ತು.

ದಿನಚರಿಯಲ್ಲಿ ಬಸ್ಸು ತಡ ಎಂದು ಎಳೆದಿದ್ದ ಗೀಟುಗಳನ್ನೆಲ್ಲ ಅಂದು ಹೊಡೆದುಹಾಕಿದೆ. ವಾಚನ್ನು ಮಾತ್ರ ಮುಟ್ಟಲಿಲ್ಲ.